ಇರಾಕ್: ಓಟು ಎಣಿಸಿ ಆಯ್ತು, ಸರ್ಕಾರ ಎಲ್ಲಿ? ಬಾಂಬಿಗೂ ಕುರ್ಚಿ ಜಗಳಕ್ಕೂ ಇರುವ ನಂಟು

ತುಂಗಾತೀರ:
ಪಕ್ಕದ ಥ್ರೆಡ್‌ನಲ್ಲಿ ಯಾರೋ "ಇರಾಕಿನವರಿಗೆ ಪ್ರಜಾಪ್ರಭುತ್ವ ಒಗ್ಗಲ್ಲ" ಅಂತ ಒಂದೇ ಸಾಲಿನ ಷರಾ ಬರೆದು ಹೋಗಿದ್ದಾರೆ. ಅಲ್ಲೇ ಉತ್ತರ ಕೊಡೋಣ ಅಂತ ಕೂತೆ, ಉದ್ದವಾಯ್ತು. ಅದಕ್ಕೇ ಇಲ್ಲಿ ಹಾಕ್ತಿದ್ದೀನಿ.

2005ರ ಡಿಸೆಂಬರ್ 15ಕ್ಕೆ ಅಲ್ಲಿ ಮತದಾನ. ಅದೇ ವರ್ಷದ ಜನವರಿ ಚುನಾವಣೆಗೆ ಬೆನ್ನು ತಿರುಗಿಸಿದ್ದ, ಸಂಖ್ಯೆಯಲ್ಲಿ ಶಿಯಾಗಳಿಗಿಂತ ಕಡಿಮೆ ಇರುವ ಸುನ್ನಿ ಮುಸ್ಲಿಮರೂ ಈ ಸಲ ಸಾಲಲ್ಲಿ ನಿಂತರು. 275 ಸ್ಥಾನಗಳಲ್ಲಿ ಶಿಯಾ ಪಕ್ಷಗಳ ಒಕ್ಕೂಟಕ್ಕೆ 128, ಉತ್ತರದ ಕುರ್ದ ಜನಾಂಗದವರಿಗೆ 53, ಸುನ್ನಿಗಳ ತವಾಫುಖ್ ಕೂಟಕ್ಕೆ 44. ಪ್ರಧಾನಿಗೆ ಆಹ್ವಾನ ಕೊಡಬೇಕಾದ ಅಧ್ಯಕ್ಷ ಮಂಡಳಿ ಆಯ್ಕೆಯಾಗಲು ಮೂರನೇ ಎರಡರಷ್ಟು ಬೆಂಬಲ ಬೇಕು, ಅಂದರೆ 184. ಶಿಯಾ ಒಕ್ಕೂಟಕ್ಕೆ ಕುರ್ದರು ಸೇರಿದರೂ 181. ಮೂರು ಕಡಿಮೆ.

ಆ ಒಕ್ಕೂಟದ ಒಳಗೇ ಒಮ್ಮತ ಇರಲಿಲ್ಲ. ಫೆಬ್ರವರಿಯಲ್ಲಿ ಪ್ರಧಾನಿ ಅಭ್ಯರ್ಥಿಗಾಗಿ ತಮ್ಮತಮ್ಮಲ್ಲೇ ಮತ ಹಾಕಿಕೊಂಡಾಗ ಆಗಿನ ಪ್ರಧಾನಿ ಇಬ್ರಾಹಿಂ ಅಲ್ ಜಾಫರಿಗೆ 64, ಆದಿಲ್ ಅಬ್ದುಲ್ ಮಹ್ದಿಗೆ 63. ಒಂದೇ ಓಟಿನಲ್ಲಿ ಗೆದ್ದ ಜಾಫರಿಯನ್ನು ಕುರ್ದರು ಒಪ್ಪಲಿಲ್ಲ, ಸುನ್ನಿಗಳು ಒಪ್ಪಲಿಲ್ಲ. ಆತನೂ ಕುರ್ಚಿ ಬಿಡಲಿಲ್ಲ. ಏಪ್ರಿಲ್ ಮೊದಲ ವಾರದಲ್ಲಿ ಅಮೆರಿಕ, ಬ್ರಿಟನ್ ಎರಡೂ ದೇಶದ ವಿದೇಶಾಂಗ ಸಚಿವರು ಬಾಗ್ದಾದಿಗೇ ಬಂದು ಕೂತರು. ತಿಂಗಳ ಕೊನೆಗೆ ನೂರಿ ಅಲ್ ಮಾಲಿಕಿ ಹೆಸರು ಬಂತು. ಸಂಪುಟ ಆದದ್ದು ಮೇ 20ಕ್ಕೆ.

ಆ ದಿನವೂ ಎರಡು ಮುಖ್ಯ ಕುರ್ಚಿ ಖಾಲಿಯೇ ಉಳಿದವು: ಗೃಹ ಮತ್ತು ರಕ್ಷಣೆ. ಊರಲ್ಲಿ ದಿನಕ್ಕೆ ಹತ್ತಾರು ಹೆಣ ಬೀಳುತ್ತಿರುವಾಗ ಪೊಲೀಸರಿಗೂ ಸೈನ್ಯಕ್ಕೂ ಮಂತ್ರಿ ಇಲ್ಲದ ಸರ್ಕಾರ! ಆ ಎರಡು ಹೆಸರಿಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿದ್ದು ಜೂನ್ 8ಕ್ಕೆ. ಬಾಕುಬಾ ಹತ್ತಿರದ ಮನೆಯೊಂದರ ಮೇಲೆ ವಿಮಾನ ದಾಳಿ ಮಾಡಿ ಇರಾಕಿನ ಅಲ್ ಖೈದಾ ನಾಯಕ ಅಬು ಮುಸಬ್ ಅಲ್ ಜರ್ಕಾವಿಯನ್ನು ಕೊಂದ ಸುದ್ದಿ ಹೊರಬಿದ್ದದ್ದೂ ಅದೇ ದಿನ.

ಜನ ಸಾಮಾನ್ಯವಾಗಿ "ಸರ್ಕಾರ ಇರಲಿಲ್ಲ, ಅದಕ್ಕೇ ಹಿಂಸೆ" ಅಂತಾರೆ. ನನ್ನ ವಾದ ಬೇರೆ. ಗೃಹ ಖಾತೆ ಯಾರ ಕೈಗೆ ಅನ್ನೋದೇ ಅಲ್ಲಿ ನಿಜವಾದ ಚುನಾವಣೆ. ಅದು ಎದುರಾಳಿಯ ಕೈಗೆ ಹೋದರೆ ನನ್ನ ಮಗ ಚೆಕ್‌ಪೋಸ್ಟಿನಿಂದ ವಾಪಸ್ ಬರ್ತಾನಾ ಅನ್ನೋ ಭಯ ಎಲ್ಲರಿಗೂ ಇತ್ತು, ಆ ಭಯಕ್ಕೆ ಆಧಾರವೂ ಇತ್ತು. 2005ರ ನವೆಂಬರ್‌ನಲ್ಲಿ ಬಾಗ್ದಾದಿನ ಜಾದಿರಿಯಾದಲ್ಲಿ ಗೃಹ ಇಲಾಖೆಯ ಒಂದು ನೆಲಮಾಳಿಗೆಗೆ ಅಮೆರಿಕದ ಸೈನಿಕರು ನುಗ್ಗಿದಾಗ 160ಕ್ಕೂ ಹೆಚ್ಚು ಬಂಧಿಗಳು ಸಿಕ್ಕರು. ಬಹುತೇಕರು ಸುನ್ನಿಗಳು, ಹಲವರ ಮೈಮೇಲೆ ಚಿತ್ರಹಿಂಸೆಯ ಗುರುತು. ಆಗ ಗೃಹ ಮಂತ್ರಿಯಾಗಿದ್ದವರು ಬದ್ರ್ ಅನ್ನೋ ಶಿಯಾ ಸಶಸ್ತ್ರ ಪಡೆಯ ಹಿನ್ನೆಲೆಯ ಬಯಾನ್ ಜಬ್ರ್. ಇಂಥ ಖಾತೆಗೆ ಐದು ತಿಂಗಳು ಕಿತ್ತಾಡದೆ ಇನ್ನೇನು ಮಾಡ್ತಾರೆ?

ಹುಬ್ಬಳ್ಳಿ_ಮಂದಿ:
ಅಲ್ರೀ, ಎಲ್ಲಾ ಬರದ್ರಿ, ಬುಡದ ಮಾತ ಬಿಟ್ರಿ. 2003ರ ಮೇ ತಿಂಗಳದಾಗ, ಅಮೆರಿಕ ಸದ್ದಾಂನ್ನ ಇಳಿಸಿದ ಮ್ಯಾಲೆ, ಅವರ ಆಡಳಿತಗಾರ ಪಾಲ್ ಬ್ರೆಮರ್ ಅನ್ನಾಂವ ಬಂದು ಒಂದನೇ ಆದೇಶಕ್ಕ ಸದ್ದಾಂನ ಬಾತ್ ಪಕ್ಷದವರನ್ನ ನೌಕರಿಯಿಂದ ತಗದ. ಎರಡನೇ ಆದೇಶಕ್ಕ ಇಡೀ ಸೈನ್ಯಾನ ವಿಸರ್ಜನೆ ಮಾಡಿದ. ಲಕ್ಷಗಟ್ಟಲೆ ಮಂದಿ, ಬಂದೂಕು ಹಿಡಿಯೂದು ಬಿಟ್ರ ಬ್ಯಾರೆ ಕೆಲಸ ಗೊತ್ತಿಲ್ಲದವ್ರು, ಒಂದ ರಾತ್ರಿಯೊಳಗ ಪಗಾರ ಇಲ್ಲದ ಮನಿಗೆ ಹ್ವಾದ್ರು. ಮದ್ದುಗುಂಡಿನ ಉಗ್ರಾಣಕ್ಕ ಕಾವಲು ಇಲ್ಲ. ಶಾಲಿ ಮಾಸ್ತರಿಕಿ ಬೇಕಂದ್ರೂ ಪಕ್ಷದ ಸದಸ್ಯ ಆಗಬೇಕಿದ್ದ ದೇಶದಾಗ "ಪಕ್ಷದಾಗ ಇದ್ದಿ, ಹೊರಗ ನಡಿ" ಅಂದ್ರ ಏನಾಗ್ತೇತಿ?

ಇನ್ನ ಆಡಳಿತ ಮಂಡಳಿ ಮಾಡಿದ್ದು ನೋಡ್ರಿ. ಅದ ವರ್ಷ ಜುಲೈದಾಗ 25 ಮಂದಿ: 13 ಶಿಯಾ, 5 ಸುನ್ನಿ ಅರಬ, 5 ಕುರ್ದ, ಒಬ್ಬ ತುರ್ಕಮನ್, ಒಬ್ಬ ಅಸ್ಸೀರಿಯನ್ ಕ್ರೈಸ್ತ. ಹೊರಗಿನಾವ್ರು ಬಂದು ಜಾತಿ ಲೆಕ್ಕದಾಗ ಖುರ್ಚಿ ಹಂಚಿ ಕೊಟ್ರು. ಮುಂದ ಇವ್ರು ಅದನ್ನ ನಡಸಿಕೊಂಡು ಬಂದ್ರು. ಬೈಯೂದಿದ್ರ ಮೊದಲ ಬಿತ್ತಿದಾಂವನ್ನ ಬೈರಿ.

ನೇರನುಡಿ:
ಅಮೆರಿಕನ್ನ ಬೈದ್ರೆ ಲೈಕ್ ಜಾಸ್ತಿ ಬರುತ್ತೆ, ಗೊತ್ತು. ಆದರೆ 2005ರ ಜನವರಿಯಲ್ಲಿ ಓಟು ಹಾಕಬೇಡಿ ಅಂತ ಅಮೆರಿಕ ಹೇಳಿತ್ತಾ? ಸುನ್ನಿಗಳೇ ಹೆಚ್ಚಿರುವ ಅನ್ಬಾರ್ ಪ್ರಾಂತ್ಯದಲ್ಲಿ ಮತದಾನ ಶೇ. 2. ಸಂವಿಧಾನ ಬರೆಯುವ ಸಭೆಗೆ ನಿಮ್ಮವರನ್ನು ನೀವೇ ಕಳಿಸದೆ, ಆಮೇಲೆ "ಸಂವಿಧಾನದಲ್ಲಿ ನಮ್ಮ ಮಾತೇ ಇಲ್ಲ" ಅಂತ ಅತ್ತರೆ?

ತುಂಗಾತೀರ ಅವರಿಗೆ ಒಂದು ಪ್ರಶ್ನೆ. ವಿಶ್ವಸಂಸ್ಥೆಯ ಲೆಕ್ಕ ತೆಗೆದು ನೋಡಿ. 2006ರ ಜುಲೈನಲ್ಲಿ ಸತ್ತ ನಾಗರಿಕರು 3,590. ಆಗಸ್ಟ್‌ನಲ್ಲಿ 3,009. ಅಕ್ಟೋಬರ್‌ನಲ್ಲಿ 3,709. ಇವೆಲ್ಲ ಸರ್ಕಾರ ಬಂದ ಮೇಲಿನ ತಿಂಗಳುಗಳು. ಬಿಕ್ಕಟ್ಟು ಮುಗಿದ ಮೇಲೆ ಸಾವು ಕಡಿಮೆ ಆಗಬೇಕಿತ್ತಲ್ಲ? 2010ರಲ್ಲಿ ಒಂಬತ್ತು ತಿಂಗಳು ಸರ್ಕಾರ ಇರಲಿಲ್ಲ, ಆದರೂ ಸಾವು 2006ರ ಹತ್ತಿರಕ್ಕೂ ಬರಲಿಲ್ಲ. ಹಾಗಾದರೆ ಈ ನಂಟು ಎಲ್ಲಿದೆ?

ತುಂಗಾತೀರ:
@ನೇರನುಡಿ ಇಡೀ ಥ್ರೆಡ್‌ಗೆ ಬೇಕಿದ್ದ ಪ್ರಶ್ನೆ ಇದೇ. ಆ ಅಂಕಿ ನನ್ನ ವಾದಕ್ಕೇ ಒತ್ತು ಕೊಡುತ್ತೆ. ಸರ್ಕಾರ ಬಂತು, ಆದರೆ ಖಾತೆ ಖಾತೆಯೂ ಒಂದೊಂದು ಪಕ್ಷದ ಕೋಟೆ ಆಯ್ತು. ಆರೋಗ್ಯ ಇಲಾಖೆಯನ್ನೇ ತಗೊಳ್ಳಿ, ಅದು ಶಿಯಾ ಧರ್ಮಗುರು ಮುಖ್ತದಾ ಅಲ್ ಸದ್ರ್ ಬಣದ ಪಾಲಿಗೆ ಬಂದಿತ್ತು. ಬಾಗ್ದಾದಿನ ಸುನ್ನಿಗಳು ಸರ್ಕಾರಿ ಆಸ್ಪತ್ರೆಗೆ ಹೋಗೋಕೇ ಹೆದರುತ್ತಿದ್ದರು, ಶವಾಗಾರಕ್ಕೆ ಹೆಣ ಗುರುತಿಸೋಕೆ ಹೋದವರೂ ಕಾಣೆಯಾದ ವರದಿಗಳಿವೆ. ಆ ಇಲಾಖೆಯ ಉಪಮಂತ್ರಿಯನ್ನೇ 2007ರ ಫೆಬ್ರವರಿಯಲ್ಲಿ ಬಂಧಿಸಿದರು, ಮರುವರ್ಷ ಖುಲಾಸೆ ಆಯ್ತು. ಸರ್ಕಾರ ಇದ್ದರೆ ಸಾಲದು, ಅದು ಯಾರ ಪರವಾಗಿ ಇದೆ ಅನ್ನೋದು ಮುಖ್ಯ.

ಬಹಿಷ್ಕಾರದ ಬಗ್ಗೆ ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಆದರೆ ಅಕ್ಟೋಬರ್ 15ರ ಸಂವಿಧಾನದ ಜನಮತಗಣನೆಗೆ ಅವರು ಬಂದರಲ್ಲ. ಮೂರು ಪ್ರಾಂತ್ಯಗಳಲ್ಲಿ ಮೂರನೇ ಎರಡರಷ್ಟು ಜನ "ಬೇಡ" ಅಂದರೆ ಕರಡು ಬಿದ್ದುಹೋಗುತ್ತಿತ್ತು. ಅನ್ಬಾರ್, ಸಲಾಹುದ್ದೀನ್ ಎರಡೂ ಭಾರಿ ಅಂತರದಲ್ಲಿ ಬೇಡ ಅಂದವು. ಮೂರನೆಯದು ನೀನೆವೆ, ಮೊಸುಲ್ ಇರುವ ಪ್ರಾಂತ್ಯ. ಅಲ್ಲಿ ಬೇಡ ಅಂದವರು ಸುಮಾರು ಶೇ. 55. ಬಹುಮತ ಬೇಡ ಅಂದಿದೆ, ಆದರೆ ಮೂರನೇ ಎರಡು ಮುಟ್ಟಲಿಲ್ಲ. ಓಟು ಹಾಕಿ ನೋಡಿದ ಸುನ್ನಿಗಳ ಮೊದಲ ಅನುಭವ ಇದು.

ಗೌರಿಬಿದನೂರು_ಪ್ಯಾಸೆಂಜರ್:
ನಮ್ಮ ತಾಲ್ಲೂಕಿನ ಅಲೀಪುರ ಗೊತ್ತಿರೋರಿಗೆ ಗೊತ್ತು, ಊರಿಗೆ ಊರೇ ಶಿಯಾ. ನಜಫ್, ಕರ್ಬಲಾ ಯಾತ್ರೆಗೆ ಹೋಗಿ ಬರೋರು ಅಲ್ಲಿ ಬಹಳ ಜನ. ಹಾಗಾಗಿ ಸಮಾರಾ ಅನ್ನೋ ಹೆಸರು ನಮಗೆ ಬರೀ ಟಿವಿ ಸುದ್ದಿಯಾಗಿರಲಿಲ್ಲ.

ತುಂಗಾತೀರ ಅವರು ಕುರ್ಚಿ ಲೆಕ್ಕದಲ್ಲಿ ಸಮಾರಾನ ದಾಟಿಬಿಟ್ರು. 2006ರ ಫೆಬ್ರವರಿ 22ರ ಬೆಳಿಗ್ಗೆ ಅಲ್ಲಿನ ಅಸ್ಕರಿ ದರ್ಗಾದ ಬಂಗಾರದ ಗುಮ್ಮಟ ಸ್ಫೋಟಿಸಿದರು. ಹತ್ತನೇ ಇಮಾಮ್ ಅಲಿ ಅಲ್ ಹಾದಿ, ಹನ್ನೊಂದನೇ ಇಮಾಮ್ ಹಸನ್ ಅಲ್ ಅಸ್ಕರಿ ಇಬ್ಬರ ಸಮಾಧಿ ಇರೋ ಜಾಗ. ಜಾಫರಿ 64-63ರಲ್ಲಿ ಗೆದ್ದು ಎರಡು ವಾರ ಕೂಡ ಆಗಿರಲಿಲ್ಲ. ಅದಕ್ಕೂ ಮೊದಲು ಎಷ್ಟು ಸಹಿಸಿಕೊಂಡಿದ್ದರು ನೋಡಿ: 2003ರ ಆಗಸ್ಟ್‌ನಲ್ಲಿ ನಜಫ್‌ನಲ್ಲಿ ಶುಕ್ರವಾರದ ನಮಾಜು ಮುಗಿಸಿ ಬರುತ್ತಿದ್ದ ಆಯತುಲ್ಲಾ ಬಾಕಿರ್ ಅಲ್ ಹಕೀಂ ಅವರನ್ನು ಕಾರ್ ಬಾಂಬಿಟ್ಟು ಕೊಂದರು. 2004ರಲ್ಲಿ ಆಶುರಾ ದಿನವೇ ಕರ್ಬಲಾ, ಕಾಜಿಮಿಯಾದಲ್ಲಿ ಬಾಂಬು. ಆಗೆಲ್ಲ ಅಲ್ಲಿನ ಶಿಯಾಗಳ ಹಿರಿಯ ಧರ್ಮಗುರು ಆಯತುಲ್ಲಾ ಸಿಸ್ತಾನಿ "ಸೇಡು ಬೇಡ" ಅಂದರು, ಜನ ಬಹುಮಟ್ಟಿಗೆ ಕೇಳಿದರು. ಸಮಾರಾ ಆದ ಮೇಲೆ ಕೇಳಲಿಲ್ಲ.

ಜರ್ಕಾವಿಗೆ ಬೇಕಿದ್ದದ್ದೂ ಅದೇ. 2004ರಲ್ಲಿ ಅಮೆರಿಕನ್ನರ ಕೈಗೆ ಸಿಕ್ಕ ಆತನದು ಎನ್ನಲಾದ ಪತ್ರದಲ್ಲೇ ಈ ಸಂಚು ಇತ್ತು: ಶಿಯಾಗಳನ್ನು ಹೊಡೆದು ಕೆರಳಿಸಬೇಕು, ಅವರು ತಿರುಗಿ ಸುನ್ನಿಗಳನ್ನು ಹೊಡೀಬೇಕು, ಆಗ ಸುನ್ನಿಗಳು ನಮ್ಮ ಹಿಂದೆ ಬರ್ತಾರೆ ಅಂತ.

ಬಾಗ್ದಾದಿನಲ್ಲಿ ಆಮೇಲೆ ಹೆಸರೇ ಸಾವಿಗೆ ಕಾರಣ ಆಯ್ತು. ಉಮರ್ ಅಂತಿದ್ದರೆ ಸುನ್ನಿ, ಅಲಿ ಅಂತಿದ್ದರೆ ಶಿಯಾ. ಜನ ಎರಡೆರಡು ಗುರುತಿನ ಚೀಟಿ ಮಾಡಿಸಿಕೊಂಡು, ಎದುರಿಗೆ ಯಾರ ತಡೆ ಇದೆ ಅಂತ ನೋಡಿ ಒಂದನ್ನು ತೋರಿಸ್ತಿದ್ದರು. ತಪ್ಪು ಜೇಬಿಗೆ ಕೈ ಹಾಕಿದರೆ ಮುಗೀತು. ಅಣ್ಣ, ಯಾರಿಗೆ ಯಾವ ಖಾತೆ ಅನ್ನೋದಕ್ಕಿಂತ ಮೊದಲು ಈ ಬೆಂಕಿ ಇಟ್ಟವರು ಯಾರು ಅನ್ನೋದನ್ನೂ ಬರೀಬೇಕು.

ನಿರ್ವಾಹಕ:
ಶಿಯಾ-ಸುನ್ನಿ ಯಾರು ಸರಿ ಎಂಬ ವಾದಕ್ಕೆ ಇಳಿದ ಎರಡು ಕಮೆಂಟ್ ತೆಗೆದಿದ್ದೇವೆ. ದಯವಿಟ್ಟು ವಿಷಯಕ್ಕೆ ಅಂಟಿಕೊಳ್ಳಿ.

ಬಸ್ರಾ_ರಿಟರ್ನ್:
ನಾನು ಪುತ್ತೂರು ಕಡೆಯವ. ಬಸ್ರಾದ ಹತ್ತಿರ ಎಣ್ಣೆ ಬಾವಿಯ ಕ್ಯಾಂಪಿನಲ್ಲಿ ಅಡುಗೆ ವಿಭಾಗದಲ್ಲಿದ್ದೆ, 2012ರಲ್ಲಿ. ಹಾಗಾಗಿ ದೊಡ್ಡ ರಾಜಕೀಯ ನನಗೆ ಗೊತ್ತಿಲ್ಲ ಮಾರಾಯ್ರೆ, ಕಂಡದ್ದು ಹೇಳ್ತೇನೆ.

ಅಲ್ಲಿ ಕರೆಂಟು ಸರ್ಕಾರದ್ದಲ್ಲ, ಓಣಿಯ ಜನರೇಟರ್‌ನವನದ್ದು. ಮೂಲೆಯಲ್ಲಿ ಲಾರಿಯಷ್ಟು ದೊಡ್ಡ ಜನರೇಟರ್, ಅದರಿಂದ ಮನೆಮನೆಗೆ ಬಣ್ಣಬಣ್ಣದ ವಯರು, ಕಂಬದ ತಲೆಯಲ್ಲಿ ಜಡೆ ಸಿಕ್ಕಾದ ಹಾಗೆ. ತಿಂಗಳಿಗೆ ಆಂಪಿಯರ್ ಲೆಕ್ಕದಲ್ಲಿ ದುಡ್ಡು. ಇಷ್ಟು ಆಂಪಿಯರ್ ತಗೊಂಡರೆ ಲೈಟು, ಫ್ಯಾನು, ಒಂದು ಫ್ರಿಡ್ಜು. ಏಸಿ ಬೇಕಾದರೆ ಇನ್ನಷ್ಟು ಬಿಚ್ಚಬೇಕು. ನಮ್ಮ ಕ್ಯಾಂಪಿಗೆ ತರಕಾರಿ ತರುತ್ತಿದ್ದ ಅಲ್ಲಿಯವನೊಬ್ಬ ನಗ್ತಾ ಹೇಳ್ತಿದ್ದ, ಪ್ರಧಾನಿ ಯಾರು ಅಂತ ಮರೆತರೂ ಆದೀತು, ಜನರೇಟರ್‌ನವನ ಹತ್ತಿರ ಜಗಳ ಆಗಬಾರದು ಅಂತ. 2010ರ ಬೇಸಿಗೆಯಲ್ಲಿ ಸರ್ಕಾರವೂ ಇಲ್ಲ ಕರೆಂಟೂ ಇಲ್ಲ ಅಂತ ಬಸ್ರಾದಲ್ಲಿ ಜನ ಬೀದಿಗೆ ಬಂದು, ಪೊಲೀಸರ ಗುಂಡಿಗೆ ಹೆಣ ಬಿದ್ದು, ವಿದ್ಯುತ್ ಮಂತ್ರಿ ರಾಜೀನಾಮೆ ಕೊಟ್ಟದ್ದು ಉಂಟಲ್ಲ, ಅದನ್ನೂ ಅವನೇ ಹೇಳಿದ್ದು.

ಇನ್ನೊಂದು. ಚೆಕ್‌ಪೋಸ್ಟಿನಲ್ಲಿ ಸೈನಿಕನ ಕೈಯಲ್ಲಿ ಪಿಸ್ತೂಲಿನ ಹಿಡಿಯಂಥದ್ದು, ಅದರ ತುದಿಗೆ ರೇಡಿಯೋದ ಆಂಟೆನಾದ ಹಾಗೆ ಒಂದು ಕಡ್ಡಿ. ಅವನು ಗಾಡಿಯ ಪಕ್ಕ ಹೆಜ್ಜೆ ಹಾಕ್ತಾ ಹೋಗುವುದು, ಕಡ್ಡಿ ಗಾಡಿಯ ಕಡೆ ತಿರುಗಿದರೆ ಬಾಂಬು ಉಂಟು ಅಂತ. ನಮ್ಮ ಗಾಡಿಯ ಕಡೆ ತಿರುಗಿತು ಒಮ್ಮೆ. "ಸೆಂಟು ಹಾಕಿದ್ದೀರಾ?" ಅಂತ ಕೇಳಿ ಬಿಟ್ಟ. ಆಮೇಲೆ ಗೊತ್ತಾಯಿತು, ಅದರೊಳಗೆ ಏನೂ ಇಲ್ಲ! ಎಡಿಇ 651 ಅಂತ ಹೆಸರು. ಗಾಲ್ಫ್ ಚೆಂಡು ಹುಡುಕಲಿಕ್ಕೆ ಅಂತ ಮಾರುತ್ತಿದ್ದ ಆಟದ ಸಾಮಾನಿನಂಥದ್ದನ್ನೇ ಬದಲಿಸಿ, ಒಂದೊಂದಕ್ಕೆ ಸಾವಿರಾರು ಡಾಲರ್‌ಗೆ ಇರಾಕಿಗೆ ಮಾರಿದ್ದು. ಮಾರಿದ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ ಲಂಡನ್ ಕೋರ್ಟು ಹತ್ತು ವರ್ಷ ಕೊಟ್ಟಿತು. ಆದರೂ ಚೆಕ್‌ಪೋಸ್ಟಿನಿಂದ ಅದು ಹೋಗಲಿಲ್ಲ. 2016ರ ಜುಲೈನಲ್ಲಿ ಬಾಗ್ದಾದಿನ ಕರ್ರಾದಾದಲ್ಲಿ ಈದ್ ಸಂತೆಯ ಹೊತ್ತಿಗೆ ಬಾಂಬು ಸಿಡಿದು 300ಕ್ಕೂ ಹೆಚ್ಚು ಜನ ಹೋದ ಮೇಲೆ ಪ್ರಧಾನಿ ಅಬಾದಿ ಅದನ್ನು ನಿಲ್ಲಿಸಲಿಕ್ಕೆ ಹೇಳಿದ್ದು.

ಹುಬ್ಬಳ್ಳಿ_ಮಂದಿ:
ಬಾಪ್ರೆ. ಇದು ನನಗ ಗೊತ್ತ ಇರಲಿಲ್ಲ. ಈ ಸಾಮಾನು ತಗೊಂಡಾವ್ರು ಯಾವ ಇಲಾಖಿ?

ತುಂಗಾತೀರ:
ಗೃಹ ಇಲಾಖೆ. ಇನ್ಯಾವುದು? :)

ಕಾನೂನು_ಕಟ್ಟೆ:
2010ನ್ನು ಎಲ್ಲರೂ ಮೇಲೆ ಮೇಲೆ ಮುಟ್ಟಿ ಹೋಗ್ತಿದ್ದೀರಿ. ನನ್ನ ಪ್ರಕಾರ ಪೂರ್ತಿ ಕಥೆ ಅಲ್ಲೇ ಇದೆ.

ಮಾರ್ಚ್ 7ರ ಚುನಾವಣೆ, 325 ಸ್ಥಾನ. ಅಯಾದ್ ಅಲ್ಲಾವಿಯ ಇರಾಕಿಯಾ ಪಟ್ಟಿಗೆ 91, ಮಾಲಿಕಿಯ ಪಟ್ಟಿಗೆ 89. ಅಲ್ಲಾವಿ ಸ್ವತಃ ಶಿಯಾ, ಆದರೆ ಸುನ್ನಿಗಳು ಹಿಂಡು ಹಿಂಡಾಗಿ ಓಟು ಹಾಕಿದ್ದು ಅವರಿಗೇ. ಅದೂ ಚುನಾವಣೆಗೆ ಮುಂಚೆ ಬಾತ್ ನಂಟಿನ ನೆಪದಲ್ಲಿ 500ಕ್ಕೂ ಹೆಚ್ಚು ಅಭ್ಯರ್ಥಿಗಳನ್ನು ಕಣದಿಂದ ತೆಗೆದುಹಾಕಿದ ಮೇಲೆ. ಅಂದರೆ ಬಂದೂಕು ಬಿಟ್ಟು ಮತಪೆಟ್ಟಿಗೆ ನಂಬಿದವರ ಪಟ್ಟಿ ಎರಡು ಸ್ಥಾನದಿಂದ ಮೊದಲು ಬಂತು.

ಸಂವಿಧಾನದ 76ನೇ ವಿಧಿ ಹೇಳೋದು "ಅತಿ ದೊಡ್ಡ ಬಣ"ದ ಅಭ್ಯರ್ಥಿಗೆ ಸರ್ಕಾರ ರಚಿಸುವ ಅವಕಾಶ ಅಂತ. ಚುನಾವಣೆಯಲ್ಲಿ ದೊಡ್ಡದಾದ ಪಟ್ಟಿಯೋ, ಆಮೇಲೆ ಸದನದಲ್ಲಿ ಕೂಡಿಕೊಂಡ ಬಣವೋ? ಮಾಲಿಕಿ ನ್ಯಾಯಾಲಯದ ಮೊರೆ ಹೋದರು. ಫಲಿತಾಂಶ ಪ್ರಕಟವಾಗುವ ಹೊತ್ತಿಗೇ ಫೆಡರಲ್ ಸುಪ್ರೀಂ ಕೋರ್ಟಿನ ಅಭಿಪ್ರಾಯ ಬಂತು: ಎರಡರಲ್ಲಿ ಯಾವುದಾದರೂ ಆಗಬಹುದು. ಮೇ ತಿಂಗಳಲ್ಲಿ ಮಾಲಿಕಿಯ 89 ಮತ್ತು ಇನ್ನೊಂದು ಶಿಯಾ ಕೂಟದ 70 ಸೇರಿ 159 ಆಯ್ತು. ಬಹುಮತಕ್ಕೆ ಬೇಕಿದ್ದದ್ದು 163.

ಜೂನ್ 14ಕ್ಕೆ ಸಂಸತ್ತು ಮೊದಲ ಸಲ ಸೇರಿತು. ಇಪ್ಪತ್ತು ನಿಮಿಷವೂ ನಡೆಯಲಿಲ್ಲ. ಪ್ರಮಾಣವಚನ ಮಾಡಿ, "ಅಧಿವೇಶನ ತೆರೆದೇ ಇದೆ" ಅಂತ ಹೇಳಿ ಎದ್ದು ಹೋದರು. ಸಭಾಧ್ಯಕ್ಷರ ಆಯ್ಕೆಗೆ ಇರುವ ಗಡುವಿನಿಂದ ತಪ್ಪಿಸಿಕೊಳ್ಳುವ ಉಪಾಯ ಅದು. ಅದೇ ಕೋರ್ಟು ಅಕ್ಟೋಬರ್‌ನಲ್ಲಿ ಇದು ಅಸಾಂವಿಧಾನಿಕ ಅಂದಿತು.

ನಮ್ಮಲ್ಲೂ 2018ರಲ್ಲಿ ಇದೇ ಪ್ರಶ್ನೆ ಎದ್ದಿತ್ತು, 104 ಗೆದ್ದ ದೊಡ್ಡ ಪಕ್ಷಕ್ಕೋ, ಚುನಾವಣೆ ಆದ ಮೇಲೆ ಕೂಡಿಕೊಂಡವರಿಗೋ ಅಂತ. ನಮಗೆ ಬೊಮ್ಮಾಯಿ ತೀರ್ಪಿನ ದಾರಿ ಇತ್ತು: ಬಹುಮತ ಸದನದಲ್ಲಿ ಸಾಬೀತಾಗಲಿ. ಅಲ್ಲಿ ಸದನವೇ ಸೇರುತ್ತಿರಲಿಲ್ಲ.

ನೇರನುಡಿ:
ಹೋಲಿಕೆ ಅತಿಯಾಯ್ತು ಸರ್. ನಮ್ಮ ಶಾಸಕರು ರೆಸಾರ್ಟಿಗೆ ಹೋದರು, ಯಾರ ಹತ್ತಿರವೂ ಸ್ವಂತ ಸೈನ್ಯ ಇರಲಿಲ್ಲ.

ಕಾನೂನು_ಕಟ್ಟೆ:
ಒಪ್ಪಿದೆ. ಬಹುಮತದ ದಾರಿ ತೆರೆದದ್ದು ಹೇಗೆ ಅಂತ ನೋಡಿದರೆ ಇನ್ನೂ ವಿಚಿತ್ರ. 2008ರಲ್ಲಿ ಬಸ್ರಾದಲ್ಲಿ ಮಾಲಿಕಿ ಯಾರ ಮಹ್ದಿ ಸೈನ್ಯದ ಮೇಲೆ ಯುದ್ಧ ಮಾಡಿದ್ದರೋ ಅದೇ ಸದ್ರ್, 2010ರ ಅಕ್ಟೋಬರ್ ಮೊದಲ ದಿನ ಮಾಲಿಕಿಗೆ ಬೆಂಬಲ ಘೋಷಿಸಿದರು. ನವೆಂಬರ್‌ನಲ್ಲಿ ಎರ್ಬಿಲ್ ಒಪ್ಪಂದ. ಮಾಲಿಕಿ ಪ್ರಧಾನಿ, ಕುರ್ದರ ತಾಲಬಾನಿ ಅಧ್ಯಕ್ಷ, ಇರಾಕಿಯಾದ ಉಸಾಮಾ ಅಲ್ ನುಜೈಫಿ ಸಭಾಧ್ಯಕ್ಷ. ಅಲ್ಲಾವಿಗೆ ಹೊಸದಾಗಿ ಹುಟ್ಟಲಿರುವ ಒಂದು ರಾಷ್ಟ್ರೀಯ ನೀತಿ ಮಂಡಳಿಯ ಅಧ್ಯಕ್ಷ ಸ್ಥಾನ. ಆ ಮಂಡಳಿ ಹುಟ್ಟಲೇ ಇಲ್ಲ.

ತುಂಗಾತೀರ:
ಡಿಸೆಂಬರ್ 21ಕ್ಕೆ ಸಂಪುಟ ಬಂದಾಗ ಗೃಹ, ರಕ್ಷಣೆ, ರಾಷ್ಟ್ರೀಯ ಭದ್ರತೆ ಮೂರನ್ನೂ "ಸದ್ಯಕ್ಕೆ" ಅಂತ ಮಾಲಿಕಿ ತಮ್ಮ ಹತ್ತಿರವೇ ಇಟ್ಟುಕೊಂಡರು. ಗೃಹ ಖಾತೆಯ ಆ ಸದ್ಯಕ್ಕೆ 2014ರವರೆಗೂ ಮುಗಿಯಲಿಲ್ಲ. ನೇರನುಡಿಯವರೇ, 2010ರಲ್ಲಿ ಸಾವು ಕಡಿಮೆ ಇತ್ತು ಅಂದಿರಿ, ಸರಿ. ಆದರೆ ಆ ತಿಂಗಳುಗಳಲ್ಲಿ ಬಂಡುಕೋರರು ಯಾರನ್ನು ಆರಿಸಿ ಹೊಡೆಯುತ್ತಿದ್ದರು ನೋಡಿ. ಜುಲೈ 18ಕ್ಕೆ ಬಾಗ್ದಾದಿನ ಹೊರವಲಯದ ರದ್ವಾನಿಯಾದಲ್ಲಿ ಸಹ್ವಾ ಪಡೆಯವರು ಬಾಕಿ ಸಂಬಳಕ್ಕೆ ಸಾಲು ನಿಂತಿದ್ದಾಗ ಆತ್ಮಾಹುತಿ ಬಾಂಬು, 40ಕ್ಕೂ ಹೆಚ್ಚು ಸಾವು. ಅಲ್ ಖೈದಾ ವಿರುದ್ಧ ತಿರುಗಿಬಿದ್ದ ಸುನ್ನಿ ಬುಡಕಟ್ಟಿನ ಹುಡುಗರು ಇವರು. ಸುಮಾರು ಒಂದು ಲಕ್ಷ ಜನ. ಐದರಲ್ಲಿ ಒಬ್ಬರಿಗೆ ಪೊಲೀಸ್ ಅಥವಾ ಸೈನ್ಯದ ನೌಕರಿ ಅಂತ ಮಾತು ಕೊಟ್ಟಿದ್ದರು. ಯಾರು ಮಾತು ಉಳಿಸಿಕೊಳ್ಳಬೇಕು? ಹಂಗಾಮಿ ಸರ್ಕಾರದ ಇಲಾಖೆ. ಆಗಸ್ಟ್ 17ಕ್ಕೆ ಸೈನ್ಯದ ಭರ್ತಿ ಕೇಂದ್ರದ ಮುಂದೆ ಕ್ಯೂ ನಿಂತ ಹುಡುಗರ ಮೇಲೆ ದಾಳಿ. ಅಕ್ಟೋಬರ್ 31ಕ್ಕೆ ಬಾಗ್ದಾದಿನ ಚರ್ಚು, 50ಕ್ಕೂ ಹೆಚ್ಚು ಸಾವು.

ಓಟು ಹಾಕಿ ಮೊದಲು ಬಂದರೂ ಕುರ್ಚಿ ಸಿಗಲಿಲ್ಲ, ಅಲ್ ಖೈದಾವನ್ನು ಎದುರಿಸಿದರೂ ನೌಕರಿ ಸಿಗಲಿಲ್ಲ. ಅಮೆರಿಕದ ಕೊನೆಯ ಪಡೆ ಗಡಿ ದಾಟಿದ ಮರುದಿನವೇ, 2011ರ ಡಿಸೆಂಬರ್ 19ಕ್ಕೆ, ಸುನ್ನಿ ಉಪಾಧ್ಯಕ್ಷ ತಾರಿಖ್ ಅಲ್ ಹಾಶಿಮಿ ವಿರುದ್ಧ ಬಂಧನ ವಾರಂಟ್ ಪ್ರಕಟವಾಯ್ತು. 2014ರ ಜೂನ್ 10ಕ್ಕೆ ಮೊಸುಲ್ ಬಿದ್ದಾಗ ಐಸಿಸ್‌ನ ಕೆಲವೇ ಸಾವಿರ ಜನರ ಮುಂದೆ ಸೈನ್ಯ ಸಮವಸ್ತ್ರ ಬಿಚ್ಚಿ ಓಡಿತು ಅಂತ ನಕ್ಕವರಿದ್ದಾರೆ. ಆ ಸೈನ್ಯದ ಬಡ್ತಿ, ವರ್ಗಾವಣೆ ನಾಲ್ಕು ವರ್ಷ ಎಲ್ಲಿ ನಿರ್ಧಾರ ಆಗ್ತಿತ್ತು ಅಂತ ಯಾರೂ ಕೇಳಲ್ಲ.

ನೇರನುಡಿ:
ಇದು ಒಪ್ಪುವಂಥ ವಾದ. ಆದರೂ ಮೊಸುಲ್‌ಗೆ ಸಿರಿಯಾದ ಯುದ್ಧವೂ ಕಾರಣ, ಅದನ್ನು ಬಿಟ್ಟು ಎಲ್ಲವನ್ನೂ ಮಾಲಿಕಿಯ ತಲೆಗೆ ಕಟ್ಟೋದು ಸರಿಯಲ್ಲ.

ಗೌರಿಬಿದನೂರು_ಪ್ಯಾಸೆಂಜರ್:
ಆಮೇಲಿನ ಕಥೆ ಯಾರಾದರೂ ಬರೀರಿ. 2021ರ ಚುನಾವಣೆ ಆದ ಮೇಲೂ ಒಂದು ವರ್ಷ ಎಳೆದರಲ್ಲ?

ಕಾನೂನು_ಕಟ್ಟೆ:
ಹೌದು. 2021ರ ಅಕ್ಟೋಬರ್ 10ಕ್ಕೆ ಮತದಾನ, ಸರ್ಕಾರ 2022ರ ಅಕ್ಟೋಬರ್ 27ಕ್ಕೆ. ಸದ್ರ್ ಬಣ 73 ಸ್ಥಾನ ಗೆದ್ದು ಮೊದಲು ಬಂದಿತ್ತು, ಕುರ್ದರ ಒಂದು ಪಕ್ಷ ಮತ್ತು ಸುನ್ನಿಗಳ ಜೊತೆ ಕೈ ಜೋಡಿಸಿತ್ತು. ಆದರೆ ಅಧ್ಯಕ್ಷರ ಆಯ್ಕೆಗೆ ಸದನದಲ್ಲಿ ಮೂರನೇ ಎರಡರಷ್ಟು ಸದಸ್ಯರು ಹಾಜರಿರಲೇಬೇಕು ಅಂತ ಕೋರ್ಟು ಹೇಳಿತು. ಇರಾನ್ ಕಡೆಗೆ ವಾಲಿದ ಶಿಯಾ ಪಕ್ಷಗಳು ಸದನಕ್ಕೆ ಬರದೇ ಕೂತವು, ಅಷ್ಟಕ್ಕೇ ಎಲ್ಲ ನಿಂತಿತು. ಜೂನ್‌ನಲ್ಲಿ ಸದ್ರ್ ತಮ್ಮ 73 ಸದಸ್ಯರಿಂದಲೂ ರಾಜೀನಾಮೆ ಕೊಡಿಸಿದರು. ಆಗಸ್ಟ್ 29ಕ್ಕೆ ಬಾಗ್ದಾದಿನ ಸರ್ಕಾರಿ ಕಚೇರಿಗಳಿರುವ ಬಿಗಿ ಕಾವಲಿನ ಹಸಿರು ವಲಯದಲ್ಲಿ ಎರಡೂ ಕಡೆಯ ಶಿಯಾ ಪಡೆಗಳ ನಡುವೆ ಗುಂಡಿನ ಚಕಮಕಿ.

ಹುಬ್ಬಳ್ಳಿ_ಮಂದಿ:
ನಿಲ್ರಿ ನಿಲ್ರಿ. ಗೆದ್ದಾಂವ ಮನಿಗೆ ಹ್ವಾದ. ಹಂಗಾದ್ರ ಆ 73 ಸೀಟಿಗೆ ಉಪಚುನಾವಣಿ ಆಗಿರಬೇಕಲ್ಲ?

ಕಾನೂನು_ಕಟ್ಟೆ:
ಇಲ್ಲ. ಅಲ್ಲಿನ ಕಾಯ್ದೆ ಪ್ರಕಾರ ಅದೇ ಕ್ಷೇತ್ರದಲ್ಲಿ ಅವರ ನಂತರ ಹೆಚ್ಚು ಓಟು ಪಡೆದು ಸೋತವರನ್ನು ಕರೆದು ಪ್ರಮಾಣವಚನ ಕೊಡಿಸಿದರು. ಆ ಜಾಗಗಳಲ್ಲಿ ಬಹಳಷ್ಟು ಸಿಕ್ಕಿದ್ದು ಸದ್ರ್ ವಿರೋಧಿ ಕೂಟಕ್ಕೆ. ಮೊಹಮ್ಮದ್ ಶಿಯಾ ಅಲ್ ಸುದಾನಿ ಪ್ರಧಾನಿಯಾದದ್ದು ಆ ಕೂಟದ ಬೆಂಬಲದಿಂದ.